ದೋಷಾನ್ವೇಷಣೆಯ ರುಚಿ

ಪರರ ದೋಷವನ್ನು ಹುಡುಕುವುದು ಸಜ್ಜನರಿಗೆ ಸಲ್ಲದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸರ್ವರಿನ ದೋಷವನ್ನು ಹುಡುಕುವುದಕ್ಕೆ ಮಾತ್ರ ಅವರ ಅಡ್ಡಿ ಇದ್ದಂತಿಲ್ಲ. ಆದುದರಿಂದ ಆ ಚಪಲವನ್ನು ಪಾಪಲೇಪವಿಲ್ಲದೆ ತೀರಿಸಿಕೊಳ್ಳುವ ಮಾರ್ಗವೊಂದು ನನಗೆ ದೊರೆತಿದೆ. ಜಾಲತಾಣದ ಕಡತಗಳನ್ನು ಗಿಟ್ಟಿನಲ್ಲಿಟ್ಟು, ಮನೆಯಲ್ಲಿ ತಿದ್ದಿ ಪುಶ್ ಮಾಡಿದೊಡನೆ ದೂರದ ಸರ್ವರಿನಲ್ಲಿ ತಾಣವು ತಾನೇ ಹೊಸತಾಗುವಂತೆ ಏರ್ಪಡಿಸುವುದುಂಟು; ಆ ಏರ್ಪಾಡು ಎಲ್ಲಿಯೋ ಕೆಟ್ಟು, ಪುಶ್ ಸುಸೂತ್ರವಾಗಿ ನೆರವೇರಿತೆಂದು ಟರ್ಮಿನಲ್ ಸಾರುತ್ತಿದ್ದರೂ ತಾಣವು ನಿನ್ನೆಯ ಮುಖವನ್ನೇ ತೋರುತ್ತಿರುವಾಗ, ಅದರ ಕಾರಣವನ್ನು ಅರಸುತ್ತ ಕುಳಿತುಕೊಳ್ಳುವುದಕ್ಕಿಂತ ಮಿಗಿಲಾದ ವಿನೋದವನ್ನು ನಾನರಿಯೆ. ತಾಣವು ಬೇರೊಬ್ಬರದಾಗಿದ್ದರೆ ಸುಖ ಇಮ್ಮಡಿ.

ಇದರಲ್ಲಿ ಗಿಟ್ಟನ್ನು ದೂರುವುದು ನ್ಯಾಯವಲ್ಲ. ಲಿನಕ್ಸ್ ಕರ್ನಲ್ ಬರೆಯುವವರು ಬಳಸುತ್ತಿದ್ದ ಬಿಟ್‌ಕೀಪರ್ ಅವರಿಗೆ ಉಚಿತವಾಗಿ ದೊರೆಯದಂತಾದಾಗ, 2005ರ ಏಪ್ರಿಲ್ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸತೊಡಗಿದ ಈ ಸಾಧನದ ಉದ್ದೇಶವು ಮೂಲಬರಹದ ಚರಿತ್ರೆಯನ್ನು ಕಾಪಾಡುವುದು, ಅದನ್ನು ಅನೇಕರು ಹಂಚಿಕೊಳ್ಳುವಂತೆ ಮಾಡುವುದು. ಜಾಲತಾಣ ನಡೆಸುವ ಹೊಣೆಯನ್ನು ಅದು ಎಂದೂ ಹೊತ್ತದ್ದಲ್ಲ. ಪುಶ್ ಬಂದು ಸೇರಿದ ಮೇಲೆ ನಿಮಗೇನಾದರೂ ಮಾಡಬೇಕೆನ್ನಿಸಿದರೆ ಮಾಡಿಕೊಳ್ಳಿರೆಂದು ‘ಪೋಸ್ಟ್-ರಿಸೀವ್’ ಎಂಬ ಹುಕ್ಕನ್ನು ಮಾತ್ರ ಒದಗಿಸಿ ಅದು ಸುಮ್ಮನಾಗುತ್ತದೆ. ಹೀಗೆ ಎರಡು ವ್ಯವಸ್ಥೆಗಳು ಕೂಡುವ ಆ ಸಂಧಿಯಲ್ಲಿಯೇ ಸಕಲ ವ್ಯಾಜ್ಯಗಳೂ ಹುಟ್ಟುವುದು.

ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದೊಂದಿದೆ. ತಾಣದ ಫೋಲ್ಡರಿಗೆ ಹೋಗಿ ಹೊಸ ಕಡತಗಳನ್ನು ಎಳೆದುಕೊಳ್ಳೆಂದು ಹುಕ್ಕಿನಲ್ಲಿ ಎರಡೇ ಸಾಲು ಬರೆದಿರುತ್ತದೆ. ಅವೇ ಸಾಲುಗಳನ್ನು ನಾವು ಕೈಯಾರೆ ಟೈಪಿಸಿದರೆ ಕೆಲಸ ನಡೆಯುತ್ತದೆ. ಹುಕ್ಕು ಓಡಿಸಿದರೆ ‘ಇದು ಗಿಟ್ ರೆಪಾಸಿಟರಿಯೇ ಅಲ್ಲ’ ಎಂಬ ಉತ್ತರ. ಅದೇ ಯಂತ್ರ, ಅದೇ ಫೋಲ್ಡರು, ಅಕ್ಷರವೂ ವ್ಯತ್ಯಾಸವಾಗದ ಅದೇ ಆಜ್ಞೆ! ರಹಸ್ಯವೇನೆಂದರೆ, ಗಿಟ್ ತನ್ನ ಹುಕ್ಕನ್ನು ಕಳುಹಿಸುವಾಗ ಜಿಐಟಿ_ಡಿಐಆರ್ ಎಂಬ ಪರಿಸರ ಚರದಲ್ಲಿ ರೆಪಾಸಿಟರಿಯ ವಿಳಾಸವನ್ನು ಬರೆದುಕೊಟ್ಟಿರುತ್ತದೆ. ಚರಿತ್ರೆಯನ್ನಷ್ಟೇ ಇರಿಸಿಕೊಂಡ, ‘ಬೇರ್’ ಎನ್ನಿಸಿಕೊಳ್ಳುವ ಸರ್ವರಿನ ರೆಪಾಸಿಟರಿಯಲ್ಲಿ ಆ ವಿಳಾಸವು ಬರಿಯ ಒಂದು ಚುಕ್ಕಿ, ಎಂದರೆ ‘ನಿಂತಲ್ಲಿಯೇ’ ಎಂದರ್ಥ. ಹುಕ್ಕು ತಾಣದ ಫೋಲ್ಡರಿಗೆ ಕಾಲಿಟ್ಟೊಡನೆ ಚುಕ್ಕಿಯೂ ಅದರೊಡನೆ ನಡೆದುಬಂದು ಆ ಫೋಲ್ಡರನ್ನೇ ರೆಪಾಸಿಟರಿಯೆಂದು ತೋರಿಸುತ್ತದೆ. ಆ ಮಾತಿಗೆ ಕಟ್ಟುಬಿದ್ದ ಗಿಟ್ಟು ಪಕ್ಕದಲ್ಲಿರುವ ನಿಜವಾದ ‘.ಗಿಟ್’ ಫೋಲ್ಡರನ್ನು ಕಣ್ಣೆತ್ತಿಯೂ ನೋಡದು. ಆ ಚರವನ್ನು ಅಳಿಸುವ ಒಂದು ಸಾಲಿನಿಂದ ಎಲ್ಲವೂ ನೆಟ್ಟಗಾಗುತ್ತದೆ. ಈ ಚುಕ್ಕಿಯ ಕಥೆಯನ್ನು ತಾಣದ ಯಜಮಾನರಿಗೆ ಸವಿಸ್ತಾರವಾಗಿ ಹೇಳಹೊರಟರೆ, ‘ಅದೆಲ್ಲ ಇರಲಿ ಸ್ವಾಮಿ, ಈಗ ಸರಿಹೋಯಿತಲ್ಲ?’ ಎನ್ನುತ್ತಾರೆ. ರಸಿಕರು ಎಲ್ಲ ಕಾಲದಲ್ಲಿಯೂ ವಿರಳ.

ಆಜ್ಞೆ ಯಾವುದೆಂಬುದಕ್ಕಿಂತ ಅದನ್ನು ನುಡಿಯುತ್ತಿರುವವನು ಯಾರು, ಎಲ್ಲಿ ನಿಂತು ನುಡಿಯುತ್ತಿದ್ದಾನೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಡೆಬಿಯನ್ ಸರ್ವರುಗಳಲ್ಲಿ ತಾಣದ ಕಡತಗಳು ಅನೇಕ ವೇಳೆ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬಳಕೆದಾರನ ವಶದಲ್ಲಿದ್ದು, ಪುಶ್ ಮಾತ್ರ ಬೇರೊಬ್ಬನ ಹೆಸರಿನಲ್ಲಿ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ 2.35.2ನೆಯ ಆವೃತ್ತಿಯಿಂದೀಚೆಗೆ, ಅನ್ಯರ ಒಡೆತನದ ರೆಪಾಸಿಟರಿಯನ್ನು ಗಿಟ್ಟು ಮುಟ್ಟಲು ನಿರಾಕರಿಸುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಒಬ್ಬನು ಇರಿಸಿದ ಸಂರಚನೆಯು ಇನ್ನೊಬ್ಬನ ಕೈಯಿಂದ ಬೇಡದ ಆಜ್ಞೆಗಳನ್ನು ಓಡಿಸಿಬಿಡಬಹುದಾದ್ದರಿಂದ ಈ ನಿಷ್ಠುರತೆ ಯುಕ್ತವೇ ಆಗಿದೆ. ಆಗ ಆತುರಗಾರರು, ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ 777 ಎಂಬ ಸರ್ವರೋಗನಿವಾರಕ ಪರ್ಮಿಷನ್ನನ್ನು ಎಲ್ಲದಕ್ಕೂ ಬಳಿದುಬಿಡುತ್ತಾರೆ. ಒಡೆತನವು ಅದರಿಂದ ಎಳ್ಳಷ್ಟೂ ಬದಲಾಗದು. ಅದನ್ನು ಹೋಮ್ ಫೋಲ್ಡರಿಗೂ ಬಳಿದರಂತೂ ಎಸ್‌ಎಸ್‌ಎಚ್ ಕೂಡ ಮುನಿದು ಕೀಲಿಯನ್ನೇ ಒಲ್ಲೆನೆನ್ನುತ್ತದೆ. ಈ ಚಿಕಿತ್ಸೆಯನ್ನು ಕಂಡರೆ ನನಗೆ ರೋಗದ ಮೇಲೆಯೇ ಪ್ರೀತಿ ಹುಟ್ಟುತ್ತದೆ.

ವಿಂಡೋಸಿನಲ್ಲಿ ಬರೆದ ಹುಕ್ಕಿನ ಮೊದಲ ಸಾಲಿನ ಕೊನೆಯಲ್ಲಿ ಕಾಣದ ಒಂದು ಅಕ್ಷರ ಉಳಿದುಕೊಂಡು, ಕಣ್ಣೆದುರಿಗೇ ಇರುವ ಶೆಲ್ಲನ್ನು ಯಂತ್ರವು ಇಲ್ಲವೆಂದು ಆಣೆಯಿಡುವುದೂ ಉಂಟು. ಅದು ಸುಳ್ಳಾಡುತ್ತಿಲ್ಲ, ಬಾಲದಲ್ಲಿ ಆ ಅಕ್ಷರವುಳ್ಳ ಹೆಸರಿನ ಶೆಲ್ಲು ವಸ್ತುತಃ ಎಲ್ಲಿಯೂ ಇಲ್ಲ.

ಇಂಥ ಸಂದರ್ಭಗಳಲ್ಲಿ ನಾನು ಊಹೆಯನ್ನು ನಂಬುವವನಲ್ಲ. ಸುಡೂ ಮೂಲಕ, ಹುಕ್ಕು ಯಾರ ಹೆಸರಿನಲ್ಲಿ ಓಡುವುದೋ ಆ ಬಳಕೆದಾರನ ವೇಷವನ್ನೇ ತೊಟ್ಟು, ಗಿಟ್ಟಿನ ಟ್ರೇಸನ್ನು ತೆರೆದು, ಹರಿದುಬರುವ ಸಾಲುಗಳನ್ನು ಮೊರದಲ್ಲಿ ಅಕ್ಕಿ ಹರಡಿ ಕಲ್ಲಾರಿಸುವವರಂತೆ ಒಂದೊಂದಾಗಿ ನೋಡುತ್ತೇನೆ. ಆ ಹೊತ್ತಿನ ಪ್ರಶಾಂತತೆ ಜಪಕ್ಕೆ ಕುಳಿತವರಿಗೂ ಸುಲಭವಲ್ಲವೆಂದು ನನ್ನ ನಂಬಿಕೆ.

ದೋಷ ಸಿಕ್ಕಿದ ಮೇಲೆ ಉಳಿಯುವ ಕೆಲಸ ಒಂದೇ: ‘.ಗಿಟ್’ ಫೋಲ್ಡರು ಜಾಲದ ಮೂಲಕ ಲೋಕಕ್ಕೆಲ್ಲ ತೆರೆದಿದೆಯೇ ಎಂದು ಪರೀಕ್ಷಿಸುವುದು. ಏಕೆಂದರೆ ತೆರೆದಿದ್ದರೆ ತಾಣದ ಸಮಸ್ತ ಚರಿತ್ರೆಯನ್ನೂ, ಎಂದೋ ಅದರಲ್ಲಿ ಸೇರಿಸಿ ಮರೆತ ಪಾಸ್‌ವರ್ಡುಗಳ ಸಹಿತ, ಯಾರು ಬೇಕಾದರೂ ಹೊತ್ತೊಯ್ಯಬಹುದು. ರೆಪಾಸಿಟರಿಯನ್ನು ತಾಣದ ಫೋಲ್ಡರಿನಿಂದ ಹೊರಗಿಟ್ಟು, ಹುಕ್ಕಿನಿಂದ ಕಡತಗಳನ್ನಷ್ಟೇ ಅಲ್ಲಿಗೆ ಚೆಕ್‌ಔಟ್ ಮಾಡಿಸುವುದು ಲೇಸೆಂದು ಯಜಮಾನರಿಗೆ ತಿಳಿಸುತ್ತೇನೆ. ಹಾಗೆ ಮಾಡಿದವರು ನನ್ನನ್ನು ಮರಳಿ ಕರೆಯುವುದು ಅಪರೂಪ. ಆದುದರಿಂದ ಈ ಸಲಹೆಯನ್ನು, ಒಪ್ಪಿಕೊಳ್ಳುತ್ತೇನೆ, ತುಸು ಮೆಲುದನಿಯಲ್ಲಿಯೇ ಹೇಳುತ್ತೇನೆ.