ಮೆಣಸು ಇಳಿದ ದಾರಿ

ಘಟ್ಟ ಹತ್ತುವುದಕ್ಕೆ ಡಿಸೆಂಬರ್ ಕೊನೆ, ಜನವರಿಗಳಷ್ಟು ಹಿತವಾದ ಕಾಲ ಇನ್ನೊಂದಿಲ್ಲ. ಕೊಯ್ಲು ಮುಗಿದಿರುತ್ತದೆ, ಉಂಬಳದ ಕಾಟ ತಗ್ಗಿರುತ್ತದೆ, ಹೊಳೆಯಲ್ಲಿ ಕಲ್ಲು ಎಣಿಸುವಷ್ಟು ತಿಳಿನೀರು. ಬೆಳಗಿನ ಮಂಜು ಅಡಕೆ ತೋಟದ ತಲೆಯ ಮೇಲೆ ಬಿಸಿಲೇರುವವರೆಗೂ ಕೂತಿರುತ್ತದೆ. ಎತ್ತಿನ ಬೆನ್ನಿಗೆ ಹೇರು ಹಾಕಿಕೊಂಡು ಘಟ್ಟ ಹತ್ತಿ ಇಳಿಯುತ್ತಿದ್ದವರು ಕಾಯುತ್ತಿದ್ದುದೂ ಮಳೆ ಕಳೆದ ಈ ತಿಂಗಳುಗಳನ್ನೇ. ನಾವೂ ಅವರ ಪಂಚಾಂಗವನ್ನೇ ಹಿಡಿದೆವು. ಬಾರಕೂರಿನ ಕೋಟೆಯಿಂದ ಬಿದನೂರಿನ ಕೋಟೆಗೆ, ಕಡಲ ಮಗ್ಗುಲಿನ ಹಾಳಿನಿಂದ ಘಟ್ಟದ ಮೇಲಿನ ಹಾಳಿಗೆ, ನಡೆದೇ ಹೋಗುವುದೆಂದು ಹೊರಟದ್ದು.

ಬ್ರಹ್ಮಾವರದ ಕಡೆಯವರಿಗೆ ಬಾರಕೂರು ಎಂದರೆ ನೆಂಟರನ್ನು ಸಂಜೆ ಹೊತ್ತು ಕರೆದುಕೊಂಡು ಹೋಗಿ ತೋರಿಸುವ ಜಾಗ. ಬಿದನೂರು ಎಂದರೆ, ಅಂದರೆ ಈಗಿನ ನಗರ, ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಕೋಟೆ. ಕಾರಿನಲ್ಲಿ ಬೆಳಿಗ್ಗೆ ಒಂದನ್ನು, ಮಧ್ಯಾಹ್ನ ಇನ್ನೊಂದನ್ನು ನೋಡಿ ಮುಗಿಸಬಹುದು. ಹಾಗೆ ನೋಡಿದಾಗ ಅವು ಒಂದಕ್ಕೊಂದು ಗುರುತಿಲ್ಲದ ಎರಡು ಊರುಗಳು. ನನಗೆ ಬಹಳ ಕಾಲದಿಂದ ಅನಿಸುತ್ತಿದ್ದದ್ದು, ಇವೆರಡರ ನಡುವಿನ ದಾರಿಯೇ ಮೂರನೆಯ ಅವಶೇಷ, ಮೂರರಲ್ಲಿ ಅದೇ ಹಿರಿಯದು ಎಂದು. ಅದನ್ನು ನೋಡುವುದಕ್ಕೆ ಕಾಲನ್ನು ಬಿಟ್ಟರೆ ಬೇರೆ ಉಪಾಯವಿಲ್ಲ.

ಬಾರಕೂರಿನಲ್ಲಿ ಅವಸರ ಮಾಡಬಾರದು. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ರಂಗನಕೇರಿ ಎಂದು ಕೇರಿಯ ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ನಡೆದರೇ ಒಂದು ಪಟ್ಟಣದ ಗದ್ದಲ ಕಿವಿಗೆ ಬರುತ್ತದೆ. ಆಳುಪರ ರಾಜಧಾನಿ ಇದು. ಆಮೇಲೆ ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯದ ಕೇಂದ್ರ. ಇಬ್ನ್ ಬತೂತ 1340ರ ದಶಕದಲ್ಲಿ ಕಡಲ ದಾರಿಯಲ್ಲಿ ಬಂದು ಫಾಕನೂರು ಎಂದು ಬರೆದಿಟ್ಟದ್ದು ಇದನ್ನೇ. ಇಲ್ಲಿನ ಅರಸನ ಹಡಗುಪಡೆಯನ್ನು ಅವನು ಹೇಳುತ್ತಾನೆ, ಇಲ್ಲಿನ ಕಬ್ಬಿಗೆ ಆ ಸೀಮೆಯಲ್ಲೇ ಸಾಟಿಯಿಲ್ಲ ಎಂದೂ ಹೇಳುತ್ತಾನೆ. ಅದನ್ನು ಓದಿದಾಗಲೆಲ್ಲ ಬ್ರಹ್ಮಾವರದಲ್ಲಿ ಬಾಗಿಲು ಮುಚ್ಚಿದ ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆ ನೆನಪಾಗಿ ಮನಸ್ಸು ಭಾರವಾಗುತ್ತದೆ. ಆರು ನೂರು ವರ್ಷಕ್ಕೂ ಹಿಂದೆ ಹೊರಗಿನವನು ಬಂದು ಹೊಗಳಿದ ಬೆಳೆ, ನಮ್ಮ ಕಣ್ಣೆದುರೇ ಗದ್ದೆ ಬಿಟ್ಟು ಹೋಯಿತು.

ಕತ್ತಲೆ ಬಸದಿಯಲ್ಲಿ ಕೂತಷ್ಟು ಹೊತ್ತು ತಂಪು. ಇಳಿಜಾರಾಗಿ ಜೋಡಿಸಿದ ಕಲ್ಲಿನ ಚಪ್ಪಡಿಯೇ ಮಾಡು. ನಮ್ಮ ಮಳೆಯನ್ನು ಬಲ್ಲವನು ಮಾತ್ರ ಕಲ್ಲನ್ನು ಹೀಗೆ ಇಳಿಬಿಟ್ಟಾನು. ಗರ್ಭಗುಡಿ ಬರಿದು. ಕಂಬಗಳ ನಡುವೆ ಬೆಳಕು ಒಂದೊಂದೇ ಅಂಗುಲ ಸರಿಯುವುದನ್ನು ನೋಡುತ್ತಾ ನನ್ನ ಗೆಳೆಯ ಗೋಡೆಗೆ ಒರಗಿಬಿಟ್ಟಿದ್ದ. ಕೋಟೆಯ ಒಳಗೆ ಮುರಕಲ್ಲಿನ ಗೋಡೆ ಪಾಚಿ ಹಿಡಿದು, ಎಲ್ಲಿ ಗೋಡೆ ಮುಗಿದು ಎಲ್ಲಿ ನೆಲ ಶುರುವಾಯಿತು ಎಂದು ಗೊತ್ತಾಗದಷ್ಟು ಮಣ್ಣಿನೊಂದಿಗೆ ಒಂದಾಗಿದೆ. ಬಾರಕೂರಿನಲ್ಲಿ ವರ್ಷದ ದಿನಗಳಷ್ಟು ದೇವಸ್ಥಾನಗಳಿದ್ದವು ಎಂಬ ಮಾತನ್ನು ಊರವರು ಇವತ್ತೂ ಹೇಳುತ್ತಾರೆ. ಲೆಕ್ಕ ಹಾಗಿರಲಿ, ಹಿತ್ತಲು ಅಗೆದಲ್ಲಿ ಕಲ್ಲಿನ ಕೆತ್ತನೆ ಸಿಗುವ ಊರಿನವರ ಬಾಯಲ್ಲಿ ಆ ಮಾತು ಹುಟ್ಟದಿದ್ದರೇ ಆಶ್ಚರ್ಯ.

ಸೀತಾನದಿ ಇಲ್ಲಿ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಕೆಳಗೆ ಹಂಗಾರಕಟ್ಟೆ, ಅದಕ್ಕೂ ಕೆಳಗೆ ಕೋಡಿಬೆಂಗ್ರೆಯ ಅಳಿವೆ. ಬಡಗಿನಲ್ಲಿ ಬಸ್ರೂರು. ಈ ಅಳಿವೆಗಳಿಗೆ ಅರಬರು, ಆಮೇಲೆ ಪೋರ್ಚುಗೀಸರು ಬಂದದ್ದಕ್ಕೆ ಇಲ್ಲಿನ ಗದ್ದೆಯ ಅಕ್ಕಿ ಒಂದು ಕಾರಣ, ಇನ್ನೊಂದು ಮೆಣಸು. ಮೆಣಸಿನ ಸಿರಿ ಇದ್ದದ್ದು ಘಟ್ಟದ ಮಗ್ಗುಲಿನ ನೆರಳಿನಲ್ಲಿ. ಅದು ಇಲ್ಲಿಯವರೆಗೆ ಇಳಿಯಬೇಕಾದರೆ ದಾರಿ ಬೇಕು, ದಾರಿಗೆ ಕಾವಲು ಬೇಕು, ಕಾವಲಿಗೆ ಅರಸು ಬೇಕು. ಘಟ್ಟದ ಮೇಲೂ ಕೆಳಗೂ ಎದ್ದ ಕೋಟೆಗಳ ಕತೆಯಲ್ಲಿ ಬಹುಪಾಲು ಇಷ್ಟೇ ಎಂದು ನನ್ನ ತಿಳಿವಳಿಕೆ.

ಸಾಯ್ಬ್ರಕಟ್ಟೆ, ಹಾಲಾಡಿ, ಶಂಕರನಾರಾಯಣ, ಸಿದ್ದಾಪುರ. ಈ ಬಯಲ ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಾಮರು ರಸ್ತೆ, ಬಿಸಿಲು, ನಡುನಡುವೆ ಹಾಡಿಯ ನೆರಳು. ಹಾಲಾಡಿಯಲ್ಲಿ ಚಹಾ ಕೊಟ್ಟವರು ನಮ್ಮ ಚೀಲ ನೋಡಿ, "ಹ್ವಾಯ್, ಬಸ್ ಇತ್ತಲೆ, ನಡ್ಕಂಡ್ ಎಂತಕ್ ಹೋತ್ರಿ?" ಎಂದು ಕೇಳಿದರು. ಹಳೇ ದಾರಿ ನೋಡಲಿಕ್ಕೆ ಎಂದಾಗ, ಚಹಾದ ದುಡ್ಡು ತೆಗೆದುಕೊಳ್ಳದೆ ಎರಡು ಬಾಳೆಹಣ್ಣು ಚೀಲಕ್ಕೆ ಹಾಕಿದರು.

ಹೊಸಂಗಡಿಯಲ್ಲಿ ಬಯಲು ಮುಗಿಯುತ್ತದೆ. ಕತ್ತೆತ್ತಿದರೆ ಘಟ್ಟ ಗೋಡೆಯಾಗಿ ನಿಂತಿದೆ. ಹೊನ್ನೆಯಕಂಬಳಿ ಅರಸರು ಇಲ್ಲಿ ನೆಲೆ ಮಾಡಿದ್ದು ಸುಮ್ಮನೆ ಅಲ್ಲ. ಘಟ್ಟದ ಬಾಯಿ ಯಾರ ಕೈಯಲ್ಲಿದೆಯೋ ಮೇಲಕ್ಕೆ ಹೋಗುವ ಉಪ್ಪೂ ಕೆಳಕ್ಕೆ ಬರುವ ಮೆಣಸೂ ಅವರಿಗೆ ಸುಂಕ ಕೊಟ್ಟೇ ಹಾಯಬೇಕು. ಈಗ ಇದೇ ಗುಡ್ಡದ ಹೊಟ್ಟೆಯೊಳಗೆ, ನೆಲದಡಿಯಲ್ಲಿ, ವಾರಾಹಿ ವಿದ್ಯುದಾಗಾರ ಇದೆ. ಮಾಣಿ ಅಣೆಕಟ್ಟಿನಲ್ಲಿ ನಿಂತ ನೀರು ಘಟ್ಟದ ಎತ್ತರದಿಂದ ಇಳಿದು ಇಲ್ಲಿ ಕರೆಂಟಾಗಿ ಹೊರಡುತ್ತದೆ. ಘಟ್ಟದ ಎತ್ತರವನ್ನೇ ದುಡ್ಡು ಮಾಡುವ ವಿದ್ಯೆ ಹೊಸಂಗಡಿಗೆ ಹೊಸತಲ್ಲ.

ಇಲ್ಲಿಂದ ಮೇಲೆ ಮೂಕಾಂಬಿಕಾ ಅಭಯಾರಣ್ಯದ ಕಾಡು. ಅನುಮತಿ ಪಡೆದು, ಅರಣ್ಯ ಇಲಾಖೆಯ ವಾಚರ್ ಒಬ್ಬರ ಜೊತೆಯಲ್ಲಿ ಹತ್ತಿದೆವು. ಬಾಳೆಬರೆ ಘಾಟಿಯ ರಸ್ತೆ ಸುತ್ತಿ ಸುತ್ತಿ ಏರಿದರೆ, ಹಳೆಯ ಕಾಲ್ದಾರಿ ತಿರುವುಗಳನ್ನು ನಡುವೆ ಕೊಯ್ದುಕೊಂಡು ನೆಟ್ಟಗೆ ಹತ್ತುತ್ತದೆ. ಬಹಳ ಕಡೆ ಅದು ಬೆತ್ತದ ಪೊದೆಯೊಳಗೆ ಮುಳುಗಿದೆ. ಅಲ್ಲಲ್ಲಿ ಮಾತ್ರ, ತರಗೆಲೆಯನ್ನು ಕಾಲಿನಿಂದ ಸರಿಸಿದರೆ, ಕಲ್ಲು ಒತ್ತೊತ್ತಾಗಿ ಕೂರಿಸಿದ ಮೆಟ್ಟಿಲಿನಂಥ ತುಂಡು ಕಾಣುತ್ತದೆ. ನಡುಭಾಗ ಸವೆದು ತಗ್ಗಾಗಿದೆ. ಎಷ್ಟು ಎತ್ತುಗಳ ಗೊರಸು, ಎಷ್ಟು ಬರಿಗಾಲು! ಅರಮನೆಯ ಕಂಬದಲ್ಲಿ ಕೆಲಸ ಮಾಡಿಸಿದವನ ಹೆಸರು ಸಿಗಬಹುದು. ಈ ಸವೆತದಲ್ಲಿ ಇರುವುದು ಹೆಸರು ಬರೆಸಿಕೊಳ್ಳದವರ ಆಯುಷ್ಯ. ನಾನು ಬಾಗಿ ಆ ತಗ್ಗನ್ನು ಅಂಗೈಯಿಂದ ಮುಟ್ಟಿದೆ.

ಕಾಡು ತುಂಬ ಮಾತಾಡುವುದಿಲ್ಲ, ಆದರೆ ವಾಸನೆಯಲ್ಲಿ ಎಲ್ಲವನ್ನೂ ಹೇಳುತ್ತದೆ. ಧೂಪದ ಮರದ ಬುಡದಲ್ಲಿ ಒಂದು, ರಾಂಪತ್ರೆಯ ಕೆಳಗೆ ಇನ್ನೊಂದು, ಝರಿಯ ಬಳಿ ಕೊಳೆತ ಎಲೆಯ ಹುಳಿ. ವಾಚರಣ್ಣ ಒಂದು ಮರದ ಮೈಗೆ ಹಬ್ಬಿದ ಬಳ್ಳಿಯಿಂದ ಎರಡು ಕಾಳು ಬಿಡಿಸಿ ಕೊಟ್ಟರು. ಕಾಡುಮೆಣಸು. ಹಲ್ಲಿಗೆ ಸಿಕ್ಕ ಕ್ಷಣ ಹಸಿರು ಹಸಿರು, ಆಮೇಲೆ ನಾಲಗೆಯ ಬುಡದಲ್ಲಿ ಬೆಂಕಿ, ಅದು ಆರುವವರೆಗೆ ಯಾರೂ ಮಾತಾಡಲಿಲ್ಲ. ಮೇಲಿನಿಂದ ಮಂಗಟ್ಟೆಯ ರೆಕ್ಕೆಯ ಸದ್ದು ಬಂತು. ಇನ್ನೂ ಎತ್ತರದಲ್ಲಿ ಕೊಂಬೆಗಳು ಅಲುಗಿದವು. ಸಿಂಗಳೀಕ ಎಂದು ಅವರು ಪಿಸುಗುಟ್ಟಿದರು. ಬೆಳ್ಳಿಗಡ್ಡದ ಒಂದು ಮುಖ ಎಲೆಯ ನಡುವಿನಿಂದ ನಮ್ಮನ್ನು ನೋಡಿ ಮರೆಯಾಯಿತು. ಜಗತ್ತಿನಲ್ಲಿ ಈ ಪಶ್ಚಿಮಘಟ್ಟ ಬಿಟ್ಟರೆ ಇನ್ನೆಲ್ಲೂ ಇಲ್ಲದ ಜೀವ.

ಇದೇ ಜನವರಿ ತಿಂಗಳಲ್ಲಿ, 1783ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಇಲ್ಲಿಂದಲೇ ಸೈನ್ಯ ಹತ್ತಿಸಿದ. ಘಾಟಿಯ ಉದ್ದಕ್ಕೂ ತೋಪುಗಳ ನೆಲೆ, ಕಾವಲುಗೋಡೆ. ಅವನ್ನು ದಾಟಿ ಮೇಲೆ ಹೋದವನಿಗೆ ಬಿದನೂರು ಹೆಚ್ಚು ಹೋರಾಟವಿಲ್ಲದೆ ಸಿಕ್ಕಿತು. ಟಿಪ್ಪು ಬಂದು ಮುತ್ತಿ, ಬೇಸಗೆ ಮುಗಿಯುವ ಮೊದಲೇ ಅದನ್ನು ಮರಳಿ ಪಡೆದ. ಮ್ಯಾಥ್ಯೂಸ್ ಆ ವರ್ಷವೇ ಸೆರೆಯಲ್ಲಿ ಸತ್ತ. ಇತಿಹಾಸದ ಪುಸ್ತಕದಲ್ಲಿ ಇದು ಎರಡು ಸಾಲು. ಏದುಸಿರು ಬಿಡುತ್ತಾ ಹತ್ತುವಾಗ, ಬಂದೂಕು ಹೊತ್ತು ಹತ್ತಿದವನ ಬೆವರೂ ಬಂಡೆಯ ಮರೆಯಲ್ಲಿ ಕಾದು ಕೂತವನ ಎದೆಬಡಿತವೂ ಒಟ್ಟಿಗೇ ಅರ್ಥವಾಗುತ್ತವೆ.

ಹುಲಿಕಲ್ಲಿನ ಚಂಡಿಕಾಂಬೆಯ ಗುಡಿಯಲ್ಲಿ ಲಾರಿಯವರು ಇಳಿದು ಕೈಮುಗಿದು ಮುಂದೆ ಹೋಗುತ್ತಾರೆ. ಹೇರೆತ್ತಿನವರೂ ಘಟ್ಟ ಹತ್ತಿದ ದಣಿವಿನಲ್ಲಿ ಒಂದು ದೇವರಿಗೆ ಕೈಮುಗಿಯದೆ ಹೋಗಿರಲಾರರು. ನಾವೂ ಹಣೆ ಮುಟ್ಟಿ, ಗಾಳಿಗೆ ಮುಖವೊಡ್ಡಿ ನಿಂತೆವು. ಆಮೇಲೆ ಮಾಸ್ತಿಕಟ್ಟೆ, ಹವೆಯೇ ಬೇರೆ, ಮಣ್ಣಿನ ಬಣ್ಣವೇ ಬೇರೆ, ಮಾತಿನ ಎಳೆತವೂ ಬೇರೆ. ಹಿನ್ನೀರಿನ ಅಂಚಿನ ಒಣಮರಗಳನ್ನು ನೋಡಿದಾಗ, ಹಳೆಯ ದಾರಿಯ ಎಷ್ಟು ಭಾಗ ಈ ನೀರಿನಡಿ ಇದೆಯೋ ಎಂಬ ಯೋಚನೆ ಬಿಡಲಿಲ್ಲ.

ಮತ್ತೂ ನಡೆದು ನಗರ ಮುಟ್ಟಿದಾಗ ಕೋಟೆಯ ಬುರುಜಿನ ಮೇಲೆ ಎಳೆಬಿಸಿಲಿತ್ತು. ಕೆಳದಿ, ಇಕ್ಕೇರಿ, ಆಮೇಲೆ ಬಿದನೂರು ಎಂದು ನಾಯಕರು ರಾಜಧಾನಿ ಬದಲಿಸುತ್ತಾ ಬಂದರು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ ಬಸ್ರೂರು, ಕುಂದಾಪುರದ ಪೋರ್ಚುಗೀಸ್ ಕೋಟೆಗಳನ್ನು ಕಿತ್ತುಕೊಂಡ. ಘಟ್ಟದ ಮೇಲೆ ಕೂತವನಿಗೆ ಕಡಲ ಬಾಗಿಲಿನ ಬೀಗದಕೈ ಯಾಕೆ ಬೇಕಾಯಿತು ಎನ್ನುವುದು, ಬಾರಕೂರಿನಿಂದ ನಡೆದು ಬಂದವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ವೈಭವಕ್ಕೆ 1763ರಲ್ಲಿ ಹೈದರಾಲಿ ಕೊನೆ ಹಾಡಿದ. ಊರಿನ ಈಗಿನ ಹೆಸರು ಅವನಿಟ್ಟ ಹೈದರ್‌ನಗರದ ಉಳಿಕೆ. ದರ್ಬಾರಿನ ಜಗಲಿ, ಅಕ್ಕತಂಗಿ ಕೊಳ, ಹುಲ್ಲು ಬೆಳೆದ ಗೋಡೆ, ಇಷ್ಟೇ ಈಗ. ಆದರೂ ಕಲ್ಲಿನ ಮೇಲೆ ಕಲ್ಲಿಟ್ಟ ಕೈಯ ಪಳಗು ಕೆಳಗಿನ ಕೋಟೆಯಲ್ಲಿ ಕಂಡದ್ದಕ್ಕಿಂತ ದೊಡ್ಡದು. ಹತ್ತಿರದ ದೇವಗಂಗೆಯ ಕೊಳಗಳಲ್ಲಿ ಗುಡ್ಡದ ಒರತೆ ಇವತ್ತೂ ಕಲ್ಲಿನ ದೋಣಿಗುಂಟ ಹರಿದು ಬರುತ್ತಿದೆ. ಅದರಲ್ಲಿ ಕಾಲಿಟ್ಟು ಕೂತದ್ದು ಈ ನಡಿಗೆಯ ದೊಡ್ಡ ಸುಖ.

ಆ ರಾತ್ರಿ ಉಳಿದ ಮನೆಯ ಅಟ್ಟದಲ್ಲಿ, ಒಂದೇ ಮರದ ದಿಮ್ಮಿ ಕೊರೆದು ಮಾಡಿದ, ಆಳುದ್ದದ ಉಪ್ಪಿನ ಮರಿಗೆ ಇತ್ತು. ಮನೆಯ ಅಜ್ಜಿ ಅದರ ಅಂಚು ಸವರಿ ಹೇಳಿದರು: "ಮಳೆಗಾಲ ಹಿಡದ್ರೆ ಗಟ್ಟದ ದಾರಿ ಬಂದ್ ಕಣ್ರೀ. ಅಷ್ಟೂ ತಿಂಗಳ ಉಪ್ಪು ಇದ್ರಲ್ಲೇ ಇರ್ಬೇಕಿತ್ತು." ಅವರ ಮಾವನ ಮನೆಯವರು ಎತ್ತು ಹೊಡೆದುಕೊಂಡು ಹೊಸಂಗಡಿಗೆ ಇಳಿದು, ಅಡಕೆ ಮೆಣಸು ಕೊಟ್ಟು, ಉಪ್ಪು, ಒಣಮೀನು, ತೆಂಗಿನಕಾಯಿ ತರುತ್ತಿದ್ದರಂತೆ. ಮರಿಗೆಯ ಒಳಮೈಗೆ ಬೆರಳೊತ್ತಿ ನಾಲಗೆಗಿಟ್ಟೆ. ಮರಕ್ಕೆ ಇನ್ನೂ ಉಪ್ಪಿನ ರುಚಿಯಿತ್ತು.

ಬೆಳಿಗ್ಗೆ ಅಂಗಳದಾಚೆ ಹಾರ್ನ್ ಕೇಳಿತು. ಗಂಗೊಳ್ಳಿಯಿಂದ ಐಸಿನಲ್ಲಿಟ್ಟ ಮೀನು ಹೊತ್ತ ವ್ಯಾನು, ಅದೇ ಬಾಳೆಬರೆ ಘಾಟಿ ಹತ್ತಿ ಬಂದದ್ದು. ಅಜ್ಜಿ ಪಾತ್ರೆ ಹಿಡಿದು ಹೊರಟವರು, ಕಡಲಿನವರು ನೀವು, ಒಳ್ಳೆಯದು ನೋಡಿ ಆರಿಸಿಕೊಡಿ ಎಂದು ನನ್ನನ್ನೂ ಕರೆದರು. ಕಣ್ಣು ಹೊಳೆಯುವ ಬಂಗುಡೆಗಳನ್ನು ಆರಿಸಿ ಹಾಕಿದೆ. ಮಧ್ಯಾಹ್ನದ ಸಾರಿಗೆ ಅವರ ತೋಟದ್ದೇ ಮೆಣಸು.