ಸೆಕೆಂಡು ಎಲ್ಲಿ ಸೋರಿತು?

ಫಾರ್ಮುಲಾ ಒನ್ ರೇಸಿನಲ್ಲಿ ಯಾರು ಗೆದ್ದರು ಎಂಬುದಕ್ಕಿಂತ, ಚೆನ್ನಾಗಿ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ ಯಾಕೆ ಸೊರಗಿತು ಎಂಬುದೇ ನನಗೆ ಹೆಚ್ಚು ರುಚಿ. ಟೀವಿ ಮುಂದೆ ಕೂತರೆ ಮನೆಯವರ ಕಣ್ಣು ಕಾರಿನ ಮೇಲಿದ್ದರೆ ನನ್ನದು ಸೆಕ್ಟರ್ ಸಮಯದ ಮೇಲೆ. ಪ್ರತಿ ಸುತ್ತನ್ನೂ ಮೂರು ಪಾಲು ಮಾಡಿ ಲೆಕ್ಕ ಇಡುತ್ತಾರೆ. ಆ ಪಾಲಿನ ಸಮಯ ನೇರಳೆ ಬಣ್ಣದಲ್ಲಿ ಬಂದರೆ ಎಲ್ಲರಿಗಿಂತ ವೇಗ. ಹಸಿರು ಬಂದರೆ ಚಾಲಕ ತನ್ನದೇ ಹಿಂದಿನ ಸಮಯವನ್ನು ಮೀರಿಸಿದ್ದಾನೆ. ಇವೆರಡೂ ಅಲ್ಲದ ಹಳದಿಯ ಮೇಲೆ ಹಳದಿ ಬರತೊಡಗಿತೋ, ನಾನು ನಾಡಿ ಹಿಡಿಯುವ ಪಂಡಿತನಾಗಿಬಿಡುತ್ತೇನೆ.

ಮೊದಲು ನೋಡುವುದು ಸಮಯ ಎಲ್ಲಿ ಸೋರುತ್ತಿದೆ ಎಂದು. ನೇರ ದಾರಿಯಲ್ಲಾದರೆ ಎಂಜಿನ್ ಮೇಲೆ ಅನುಮಾನ. ತಿರುವುಗಳಲ್ಲಾದರೆ ಟೈರೋ ಮುರಿದ ರೆಕ್ಕೆಯೋ ಇರಬೇಕು. ಬಲ ತಿರುವಿನಲ್ಲಷ್ಟೇ ತಡವರಿಸಿದರೆ ಎಡಗಡೆಯ ಟೈರು ನೋಡಬೇಕು. ಬಲಕ್ಕೆ ತಿರುಗುವಾಗ ಹೆಚ್ಚಿನ ಭಾರ ಬೀಳುವುದು ಅದರ ಮೇಲೆ. ಬ್ರೇಕಿಗೆ ಮೊದಲೇ ಎಂಜಿನ್ ಸದ್ದು ಅಡಗಿದರೆ ಬಹುಶಃ ರೋಗವೇ ಇಲ್ಲ. ಇಂಧನ ಉಳಿಸಲು ಚಾಲಕ ಬೇಗ ಕಾಲೆತ್ತಿರುತ್ತಾನೆ.

2018ರ ಮೊನಾಕೊ ರೇಸನ್ನು ಈಗಲೂ ಹಾಕಿಕೊಂಡು ನೋಡುವುದುಂಟು. 78 ಸುತ್ತುಗಳ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದ ರೆಡ್ ಬುಲ್‌ನ ಡೇನಿಯಲ್ ರಿಕಾರ್ಡೊ 28ನೇ ಸುತ್ತಿನ ಹೊತ್ತಿಗೆ, ಶಕ್ತಿ ಹೋಗುತ್ತಿದೆ ಎಂದು ರೇಡಿಯೊದಲ್ಲಿ ದೂರಿದ. ಎಂಟು ಗೇರಿನ ಕಾರನ್ನು ಅಲ್ಲಿಂದಾಚೆ ಆರೇ ಗೇರಿನಲ್ಲಿ ಓಡಿಸಿದ. ಕೈಕೊಟ್ಟಿದ್ದು ಎಂಜಿಯು-ಕೆ ಎಂಬ ವಿದ್ಯುತ್ ಮೋಟರು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು, ಆಮೇಲೆ ಸುಮಾರು 160 ಅಶ್ವಶಕ್ತಿಯಷ್ಟನ್ನು ಎಂಜಿನ್ನಿಗೆ ಕೂಡಿಸಿ ಕೊಡುವುದು ಆಗ ಅದರ ಕೆಲಸವಾಗಿತ್ತು. ಅದು ಕೆಟ್ಟರೆ ವೇಗಕ್ಕಷ್ಟೇ ಕುತ್ತಲ್ಲ. ಹಿಂದಿನ ಚಕ್ರಗಳನ್ನು ತಡೆಯುವುದರಲ್ಲಿ ಅದರದೂ ಪಾಲಿತ್ತು. ಆ ಹೊರೆಯೂ ಹಿಂದಿನ ಬ್ರೇಕುಗಳ ಮೇಲೆ ಬಿದ್ದು ಅವು ಕಾದವು. ರಿಕಾರ್ಡೊ ಬ್ರೇಕಿನ ಒತ್ತಡವನ್ನು ಮುಂದಿನ ಚಕ್ರಗಳತ್ತ ಸರಿಸಬೇಕಾಯಿತು. ಮೋಟರು ಕೆಟ್ಟರೆ ಬ್ರೇಕು ಯಾಕೆ ಕಾಯಬೇಕು ಎಂಬ ಗಂಟು ಬಿಚ್ಚಿಕೊಂಡಾಗಿನ ಖುಷಿಯೇ ಬೇರೆ!

ಉದ್ದನೆಯ ನೇರ ದಾರಿಯ ಟ್ರ್ಯಾಕಾಗಿದ್ದರೆ ಹಿಂದಿದ್ದ ಸೆಬಾಸ್ಟಿಯನ್ ವೆಟ್ಟೆಲ್ ಸಲೀಸಾಗಿ ದಾಟಿಬಿಡುತ್ತಿದ್ದ. ಮೊನಾಕೊದಲ್ಲಿ ಊರೊಳಗಿನ ಕಿರಿದಾದ ರಸ್ತೆ, ಅಕ್ಕಪಕ್ಕ ತಡೆಗೋಡೆ. ವೇಗವಾಗಿರುವ ಕಾರಿಗೂ ಮುಂದೆ ನುಗ್ಗಲು ಜಾಗವಿಲ್ಲ. ರಿಕಾರ್ಡೊ 7 ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಗೆದ್ದ. ಹಾಗಾಗಿ ಕಾರಿನ ನಾಡಿ ನೋಡಿದ ಮೇಲೆ ಟ್ರ್ಯಾಕಿನ ನಕ್ಷೆಯನ್ನೂ ಬಿಡಿಸಬೇಕು. ಕಾಯಿಲೆ ಅದೇ ಇದ್ದರೂ ಊರು ಬದಲಾದರೆ ಗತಿ ಬದಲಾಗುತ್ತದೆ.