ತಪ್ಪು ತುಂಬಿದ ಬಾಟಲಿ

ಕಚೇರಿಯ ಮೇಜಿನ ಮೇಲೆ ಗೋಂದಿನ ಡಬ್ಬಿಯ ಪಕ್ಕ ಕೂತಿರುವ ವೈಟ್ನರ್ ಬಾಟಲಿ ಯಾವ ಪ್ರಯೋಗಾಲಯದಲ್ಲೂ ಹುಟ್ಟಿದ್ದಲ್ಲ. ಅಮೆರಿಕದ ಡಲ್ಲಾಸ್ ನಗರದ ಬ್ಯಾಂಕೊಂದರಲ್ಲಿ, ಟೈಪಿಂಗ್ ಅಷ್ಟಾಗಿ ಪಳಗದ ಒಬ್ಬ ಸೆಕ್ರೆಟರಿಯ ಪೀಕಲಾಟದಿಂದ ಹುಟ್ಟಿದ್ದು. ಆಕೆ ಬೆಟ್ಟಿ ನೆಸ್ಮಿತ್. ಎರಡನೇ ಮದುವೆಯ ನಂತರ ಬೆಟ್ಟಿ ಗ್ರಹಾಂ. 1924ರಲ್ಲಿ ಹುಟ್ಟಿದ ಅವರು 17ಕ್ಕೇ ಶಾಲೆ ಬಿಟ್ಟಿದ್ದರು. ಮಹಾಯುದ್ಧ ಮುಗಿದ ಬೆನ್ನಿಗೇ ಮೊದಲ ಮದುವೆ ಮುರಿದು, ಸಣ್ಣ ಮಗನನ್ನು ಒಬ್ಬರೇ ಸಾಕುವ ಹೊಣೆ ಹೆಗಲೇರಿತ್ತು. ಕೆಲಸ ಕಳೆದುಕೊಳ್ಳುವಂತಿರಲಿಲ್ಲ.

ಆ ಕೆಲಸಕ್ಕೆ ಕುತ್ತು ತಂದದ್ದು ಹೊಸ ಯಂತ್ರ. ಹಳೆಯ ಟೈಪ್‌ರೈಟರಿನ ಬಟ್ಟೆ ರಿಬ್ಬನ್ನಿನ ಅಕ್ಷರವನ್ನು ಗಟ್ಟಿ ರಬ್ಬರಿನಿಂದ ಹೇಗೋ ಉಜ್ಜಿ ತೆಗೆಯಬಹುದಿತ್ತು. 1950ರ ಆಚೀಚೆ ಕಚೇರಿಗಳಲ್ಲಿ ಹಬ್ಬಿದ ವಿದ್ಯುತ್ ಟೈಪ್‌ರೈಟರಿನದು ಕಾರ್ಬನ್ ಫಿಲ್ಮ್ ರಿಬ್ಬನ್. ಅಕ್ಷರವೇನೋ ಅಚ್ಚು ಹೊಡೆದಷ್ಟು ಚೆಂದ. ಆದರೆ ರಬ್ಬರ್ ತಾಗಿಸಿದರೆ ಕಾಡಿಗೆ ಒರೆಸಿದ ಹಾಗೆ ಕಪ್ಪು ಹರಡುತ್ತಿತ್ತು. ಕೀಲಿಗಳೂ ಮೆತ್ತಗೆ, ಬೆರಳು ಸೋಕಿದರೆ ಸಾಕು. ಕೊನೆಯ ಸಾಲಿನಲ್ಲಿ ಒಂದಕ್ಷರ ಜಾರಿದರೆ ಇಡೀ ಪುಟ ಮತ್ತೆ ಮೊದಲಿಂದ. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂತವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕು ಕಾಸು ಹೆಚ್ಚಿಗೆ ಸಿಗಲೆಂದು ಬೆಟ್ಟಿ ಹಬ್ಬದ ದಿನಗಳಲ್ಲಿ ಬ್ಯಾಂಕಿನ ಗಾಜಿನ ಕಿಟಕಿಗಳಿಗೆ ಬಣ್ಣ ಬಳಿಯುವ ಕೆಲಸಕ್ಕೂ ನಿಲ್ಲುತ್ತಿದ್ದರು. ಅಲ್ಲಿ ಕಣ್ಣಿಗೆ ಬಿದ್ದದ್ದು ಇಷ್ಟೇ: ಅಕ್ಷರ ಬರೆಯುವ ಕಲಾವಿದರು ತಪ್ಪಿದರೆ ಅಳಿಸಲು ಹೋಗುವುದಿಲ್ಲ, ಅದರ ಮೇಲೆ ಇನ್ನೊಂದು ಪದರ ಬಣ್ಣ ಎಳೆಯುತ್ತಾರೆ. ಗೋಡೆಯ ಕಲೆಗೆ ಸುಣ್ಣ ಹೊಡೆಯುವ ಜಾಣತನವೇ. ನೀರಿನಲ್ಲಿ ಕರಗುವ ಬಿಳಿ ಟೆಂಪೆರಾ ಬಣ್ಣವನ್ನು ಪುಟ್ಟ ಬಾಟಲಿಯಲ್ಲಿ ತುಂಬಿ, ಜಲವರ್ಣದ ಕುಂಚವೊಂದನ್ನು ಜೊತೆಗಿಟ್ಟುಕೊಂಡು ಅವರು ಕಚೇರಿಗೆ ಹೋದರು. ಮೇಲಧಿಕಾರಿಗೆ ಗೊತ್ತೇ ಆಗಲಿಲ್ಲ.

ಸುಮಾರು ಐದು ವರ್ಷ ಅದು ಗುಟ್ಟಾಗಿಯೇ ಇತ್ತು. ಪಕ್ಕದ ಟೈಪಿಸ್ಟರು ತಮಗೂ ಬೇಕೆಂದಾಗ, 1956ರಲ್ಲಿ, ‘ಮಿಸ್ಟೇಕ್ ಔಟ್’ ಎಂಬ ಚೀಟಿ ಅಂಟಿಸಿದ ಬಾಟಲಿಗಳು ಹೊರಬಂದವು. ಕಾರ್ಖಾನೆ ಎಂದರೆ ಅಡುಗೆಮನೆ. ಯಂತ್ರ ಎಂದರೆ ಮಿಕ್ಸರ್. ತೊಡಕು ಇದ್ದದ್ದು ಹದದಲ್ಲಿ. ತೆಳುವಾದರೆ ಕೆಳಗಿನ ಅಕ್ಷರ ಇಣುಕುತ್ತದೆ, ದಪ್ಪವಾದರೆ ಮೇಲೆ ಹೊಸ ಅಕ್ಷರ ಬಡಿದಾಗ ಹಕ್ಕಳೆಯೇಳುತ್ತದೆ, ಒಣಗುವುದು ತಡವಾದರೆ ಟೈಪಿಸ್ಟ್ ಊದುತ್ತಾ ಕೂರಬೇಕು. ಮಗನ ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು, ಬಣ್ಣದ ಕಂಪನಿಯ ಒಬ್ಬ ಕೆಲಸಗಾರ ಈ ಹದಕ್ಕೆ ನೆರವಾದರು. ಮಗ ಮೈಕೇಲ್ ಮತ್ತವನ ಗೆಳೆಯರು ಗಂಟೆಗೆ ಒಂದು ಡಾಲರ್ ಕೂಲಿಗೆ ಗ್ಯಾರೇಜಿನಲ್ಲಿ ಬಾಟಲಿ ತುಂಬಿದರು. ಈ ಹುಡುಗನೇ ಮುಂದೆ ‘ದಿ ಮಂಕೀಸ್’ ಹಾಡುಗಾರರ ತಂಡದಲ್ಲಿ ಹೆಸರು ಮಾಡಿದ. ಆಗಿನ ಮಾರಾಟ ತಿಂಗಳಿಗೆ ನೂರರ ಆಸುಪಾಸು.

1958ರಲ್ಲಿ ಕೆಲಸ ಹೋಯಿತು. ಕಚೇರಿಯ ಪತ್ರವೊಂದರ ಕೆಳಗೆ ಬೆಟ್ಟಿ ಕೈತಪ್ಪಿ ತಮ್ಮದೇ ಕಂಪನಿಯ ಹೆಸರು ಹೊಡೆದುಬಿಟ್ಟಿದ್ದರು. ಮುಚ್ಚುವ ಮದ್ದು ಕೈಯಲ್ಲೇ ಇದ್ದರೂ ಆ ಒಂದು ತಪ್ಪು ಕಣ್ಣಿಗೆ ಬೀಳಲಿಲ್ಲ. ಕೆಲಸ ಹೋದದ್ದರಿಂದಲೇ ಉದ್ಯಮ ಹುಟ್ಟಿತೆಂದು ಈ ಕಥೆಯನ್ನು ಹೇಳುವವರುಂಟು, ಅದು ಸರಿಯಲ್ಲ. ಉಪಾಯಕ್ಕೆ ಆಗಲೇ ಆರೇಳು ವರ್ಷ ತುಂಬಿತ್ತು. ಇಲ್ಲದಿದ್ದದ್ದು ಹಗಲು ಹೊತ್ತಿನ ಬಿಡುವು. ವಜಾ ಅದನ್ನು ಕೊಟ್ಟಿತು, ಸಂಬಳವನ್ನು ಕಿತ್ತುಕೊಂಡಿತು.

ಆ ವೇಳೆಗೆ ಸರಕಿನ ಹೆಸರು ‘ಲಿಕ್ವಿಡ್ ಪೇಪರ್’ ಎಂದಾಗಿತ್ತು. ಕಚೇರಿ ಸಲಕರಣೆಗಳ ಪತ್ರಿಕೆಯೊಂದರಲ್ಲಿ ಅದರ ಸುದ್ದಿ ಬಂದದ್ದೇ ವಿಚಾರಣೆಗಳು ಬಂದವು, ಜನರಲ್ ಎಲೆಕ್ಟ್ರಿಕ್ ಒಟ್ಟಿಗೆ ನಾನೂರಕ್ಕೂ ಹೆಚ್ಚು ಬಾಟಲಿ ಕೇಳಿತು. 1970ರ ದಶಕದ ನಡುವೆ ವರ್ಷಕ್ಕೆ ಎರಡೂವರೆ ಕೋಟಿ ಬಾಟಲಿ ತಯಾರಾಗುತ್ತಿದ್ದವು. ನೌಕರರ ಮಕ್ಕಳಿಗೆ ಕಚೇರಿಯಲ್ಲೇ ಶಿಶುವಿಹಾರವಿತ್ತು. ಮಗುವನ್ನು ಬಿಟ್ಟು ದುಡಿಯಲು ಹೋದವರಿಗೆ ಹೊಳೆಯುವ ಏರ್ಪಾಡು ಅದು. ಟೈಪ್‌ರೈಟರ್ ಮೂಲೆ ಸೇರಿದ ಮೇಲೂ ಈ ಬಿಳಿ ದ್ರವ ಪೆನ್ನಿನ ಬರಹಕ್ಕೆ ಅಂಟಿಕೊಂಡಿತು. ಪರೀಕ್ಷೆಯ ಓಎಂಆರ್ ಹಾಳೆಗೆ ಮಾತ್ರ ಅದನ್ನು ಹಚ್ಚುವಂತಿಲ್ಲ.

1979ರಲ್ಲಿ ಬೆಟ್ಟಿ ಕಂಪನಿಯನ್ನು ಜಿಲೆಟ್‌ಗೆ 4.75 ಕೋಟಿ ಡಾಲರಿಗೆ ಮಾರಿದರು. ಮರುವರ್ಷ, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ತಿಯಲ್ಲಿ ಅರ್ಧ ಮಗನಿಗೆ ಹೋಯಿತು, ಉಳಿದರ್ಧ ದತ್ತಿಗೆ.